ರಾಜ್ಯ ನಲವತ್ತೇಳು, ಹುಣಸಿಗುಡ್ಡ ಒಂಬತ್ತು

ಹುಣಸಿಗುಡ್ಡದ ಹೆಡ್‌ಮಾಸ್ತರ ಗದ್ದೆಪ್ಪನವರು ಹುಟ್ಟಿದಾಗಿನಿಂದ ಯಾವುದರಲ್ಲೂ ಮೊದಲು ಬಂದವರಲ್ಲ. ಹುಟ್ಟುವುದರಲ್ಲೇ ಅವರು ನಾಲ್ಕನೆಯವರು. ಶಿಕ್ಷಕರ ತರಬೇತಿ ಪರೀಕ್ಷೆಯಲ್ಲಿ ಪಾಸಾದವರ ಪಟ್ಟಿಯನ್ನು ಪುಟ ತಿರುಗಿಸಿ ನೋಡಿದ ಮೇಲೆ ಅವರ ಹೆಸರು ಸಿಕ್ಕಿತ್ತು. ಸ್ವಂತ ಮದುವೆಯಲ್ಲಿ ಕೂಡ, ಬೀಗರ ಕಡೆಯ ಯಾರೋ ಹಿರಿಯರು ಬಂದು ಕೂತದ್ದರಿಂದ, ಮದುಮಗನಿಗೆ ಊಟ ಎರಡನೇ ಪಂಕ್ತಿಯಲ್ಲಿ ಆಯಿತು. ಇಂಥ ಮನುಷ್ಯನ ಕೈಗೆ ತೊಂಬತ್ತೊಂದನೆಯ ಇಸವಿಯ ಶ್ರಾವಣದಲ್ಲಿ ಒಂದು ತೆಳ್ಳನೆಯ ಸರಕಾರಿ ಪುಸ್ತಕ ಬಂತು. ಎಲ್ಲ ಅನರ್ಥಕ್ಕೂ ಅದೇ ಮೂಲ.

ಪುಸ್ತಕದಲ್ಲಿ ಇಡೀ ರಾಜ್ಯದ ಶಾಲೆಗಳ ಲೆಕ್ಕವಿತ್ತು. ಎಷ್ಟು ಶಾಲೆ, ಎಷ್ಟು ಕೋಣೆ, ಎಷ್ಟು ಕೋಣೆಗಳ ಮೇಲೆ ಚಾವಣಿ ಇದೆ ಎಂಬುದೆಲ್ಲ ಇತ್ತು. ಹದಿನಾಲ್ಕನೆಯ ಪುಟದಲ್ಲಿ, ರಾಜ್ಯದಲ್ಲಿ ಒಬ್ಬ ಶಿಕ್ಷಕನಿಗೆ ಸರಾಸರಿ ನಲವತ್ತೇಳು ಮಕ್ಕಳು ಎಂದು ಬರೆದಿತ್ತು. ಗದ್ದೆಪ್ಪನವರು ಪೆನ್ಸಿಲ್ ತೆಗೆದರು. ಊರ ಶಾಲೆ, ಊರಾಚೆಯ ಪುಟ್ಟ ವಸತಿಗಳಾದ ಮೇಲಿನ ದೊಡ್ಡಿಯ ಶಾಲೆ, ಕೆಳಗಿನ ದೊಡ್ಡಿಯ ಶಾಲೆ, ಈ ಮೂರೂ ಸೇರಿ ಹುಣಸಿಗುಡ್ಡ ಗುಂಪು. ಅದಕ್ಕೆ ಗದ್ದೆಪ್ಪನವರೇ ಮುಖ್ಯಸ್ಥರು. ಗುಂಪಿಗೆ ನಾಲ್ಕು ಮಂದಿ ಮಾಸ್ತರರು, ಅವತ್ತು ಹಾಜರಿದ್ದ ಮಕ್ಕಳು ಮೂವತ್ತಾರು. ಭಾಗಿಸಿದರೆ ಒಂಬತ್ತು.

ಅವರು ಮತ್ತೊಮ್ಮೆ ಭಾಗಿಸಿದರು. ಒಂಬತ್ತೇ ಬಂತು. ರಾಜ್ಯದ ಮಾಸ್ತರ ನಲವತ್ತೇಳು ಮಕ್ಕಳ ನಡುವೆ ಬೆವರು ಸುರಿಸುತ್ತಿರುವಾಗ ಹುಣಸಿಗುಡ್ಡದ ಮಾಸ್ತರ ಒಂಬತ್ತೇ ಮಕ್ಕಳಿಗೆ ಕೈ ಹಿಡಿದು ಅಕ್ಷರ ತಿದ್ದಿಸುತ್ತಿದ್ದಾನೆ. ಅಂದರೆ ತಮ್ಮ ಗುಂಪು ರಾಜ್ಯಕ್ಕಿಂತ ಐದು ಪಟ್ಟು ಮುಂದೆ! ಗದ್ದೆಪ್ಪನವರ ಕಣ್ಣು ಮಂಜಾದವು. ಉಳಿದ ಮಕ್ಕಳು ಎಲ್ಲಿ ಹೋದರು ಎಂಬ ಪ್ರಶ್ನೆ ಅವರಿಗೆ ಹೊಳೆಯಲಿಲ್ಲ. ಹಾಗೆ ನೋಡಿದರೆ ಉತ್ತರ ಊರಿಗೆಲ್ಲ ಗೊತ್ತಿತ್ತು. ಕಾಲುವೆಗೆ ನೀರು ಬಿಟ್ಟಿದ್ದರಿಂದ ಅರ್ಧ ಊರು ತುರ್ವಿಹಾಳ, ಬಳಗಾನೂರು ಕಡೆಗೆ ಭತ್ತದ ನಾಟಿಗೆ ಹೋಗಿತ್ತು. ದೊಡ್ಡ ಮಕ್ಕಳು ಸಣ್ಣ ಮಕ್ಕಳನ್ನು ಎತ್ತಿಕೊಂಡು ಗದ್ದೆಯ ಬದುವಿನ ಮೇಲಿದ್ದರು. ಮಿಕ್ಕವರು ಆಡಿನ ಹಿಂದೆ ಗುಡ್ಡದಲ್ಲಿದ್ದರು.

ಇಷ್ಟು ದೊಡ್ಡ ಸಂಗತಿಯನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವುದು ಹೇಗೆ? ಗದ್ದೆಪ್ಪನವರು ಎರಡು ಕೆಲಸ ಮಾಡಿದರು. ಮೊದಲನೆಯದಾಗಿ, ಈ ಹೋಲಿಕೆಯನ್ನು ಅಂದವಾಗಿ ಬರೆದು, ಮೇಲಧಿಕಾರಿಗಳು ಒಂದು ಮೆಚ್ಚುಗೆ ಪತ್ರ ದಯಪಾಲಿಸಬೇಕು ಎಂದು ಕೋರಿ ಲಿಂಗಸುಗೂರಿನ ಶಿಕ್ಷಣ ಕಚೇರಿಗೆ ಅಂಚೆಯಲ್ಲಿ ಕಳಿಸಿದರು. ಎರಡನೆಯದಾಗಿ, ಒಂದು ಡಬ್ಬಿಯಲ್ಲಿ ಸುಣ್ಣ ಕಲಸಿಕೊಂಡು ಶಾಲೆಯ ಹೊರಗೋಡೆಗೆ ಹೋದರು.

ಆ ಗೋಡೆಯ ಮೇಲೆ, ಊರಬಾಗಿಲಾದ ಅಗಸಿ ದಾಟಿ ಬರುವ ಎಲ್ಲರಿಗೂ ಕಾಣುವಂತೆ, ಕರಿ ಬಣ್ಣ ಬಳಿದ ಒಂದು ಹಲಗೆಯಿತ್ತು. ವರ್ಷದಲ್ಲಿ ಹನ್ನೊಂದು ತಿಂಗಳು ಅದು ಖಾಲಿ. ಪಂಚಮಿ ಬಂತೆಂದರೆ ಮಾತ್ರ ಅದರ ಮೇಲೆ ಕಬಡ್ಡಿಯ ಸ್ಕೋರು ಬರೆಯುತ್ತಿದ್ದರು. ಆ ವರ್ಷ ಹುಣಸಿಗುಡ್ಡ ಏಳು ವರ್ಷಗಳ ಸೋಲು ಮುಗಿಸಿ ಪಕ್ಕದ ಕೆಂಪಹಟ್ಟಿಯನ್ನು ಮೂವತ್ತೊಂದಕ್ಕೆ ಇಪ್ಪತ್ತೆಂಟು ಪಾಯಿಂಟಿನಿಂದ ಸೋಲಿಸಿತ್ತು. ಟೀಮಿನ ಹಳೆಯ ಕ್ಯಾಪ್ಟನ್, ಈಗಿನ ಪಂಚಾಯಿತಿ ಮೆಂಬರ್ ಅಂಬಪ್ಪ, ಮಳೆಗೆ ಆ ಸ್ಕೋರು ಅಳಿಸೀತೆಂದು ಸ್ವಂತ ಮನೆಯ ತಗಡು ತಂದು ಅದರ ಮೇಲೆ ಸೂರಿನಂತೆ ಹೊಡೆಸಿದ್ದ.

“ಸರ್, ಅದು ಅಂಬಪ್ಪನ ಸ್ಕೋರ್ ಐತ್ರಿ,” ಎಂದ ಸಹಶಿಕ್ಷಕ ಮೌಲಾಹುಸೇನ. “ಒಂದ್ ಮಾತು ಕೇಳಿ ಅಳಸ್ರಿ.”

“ಗೋಡಿ ಶಾಲೀದು, ಶಾಲಿ ಸರಕಾರದ್ದು,” ಎಂದರು ಗದ್ದೆಪ್ಪನವರು, ಒದ್ದೆ ಬಟ್ಟೆಯಿಂದ ಊರಿನ ಏಳು ವರ್ಷದ ತಪಸ್ಸನ್ನು ಎರಡೇ ಸಲಕ್ಕೆ ಒರೆಸುತ್ತ. “ಕಬಡ್ಡಿ ಯಾವಾಗಲೂ ಇರ್ತೈತಿ. ಇಂಥ ಗೆಲುವು ಜನ್ಮಕ್ಕೊಮ್ಮಿ ಬರ್ತೈತಿ, ಮೌಲಾಹುಸೇನ.”

ಒಬ್ಬ ಶಿಕ್ಷಕರಿಗೆ ಎಷ್ಟು ಮಕ್ಕಳು ಎಂಬುದನ್ನು ಮೇಲೆ ಸಣ್ಣ ಅಕ್ಷರದಲ್ಲಿ ಬರೆದರು. ಅಲ್ಲಿ ಸುಣ್ಣ ತೆಳ್ಳಗಾಗಿ, ಒಣಗಿದ ಮೇಲೆ ಅದು ಕಾಣದಾಯಿತು. ಕೆಳಗೆ ಮೊಳದುದ್ದದ ಅಂಕಿಗಳಲ್ಲಿ ಬರೆದದ್ದು ಮಾತ್ರ ಹಾಲಿನ ಹಾಗೆ ಹೊಳೆಯುತ್ತಿತ್ತು: ರಾಜ್ಯ 47, ಹುಣಸಿಗುಡ್ಡ 9.

ಹುಣಸಿಗುಡ್ಡದಲ್ಲಿ ಅಕ್ಷರ ಬಾರದವರು ಬಹಳ ಮಂದಿ. ಆದರೆ ಕಬಡ್ಡಿಯ ಸ್ಕೋರು ಓದಲು ಬಾರದವರು ಒಬ್ಬರೂ ಇರಲಿಲ್ಲ. ಮರುದಿನ ಬೆಳಿಗ್ಗೆ ಗದ್ದೆಪ್ಪನವರು ಅಭಿನಂದನೆ ಸ್ವೀಕರಿಸಲು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೊರಟಾಗ, ಗೋಡೆಯ ಮುಂದೆ ನಲವತ್ತು ಜನ ನೆರೆದಿದ್ದರು. ಎಲ್ಲರ ಮುಖದಲ್ಲೂ ಮನೆಯಲ್ಲಿ ಸಾವಾದ ಕಳೆ ಇತ್ತು.

“ಮಾಸ್ತರ್ರ,” ಎಂದ ಅಂಬಪ್ಪ. “ಯಾವಾಗ ಆಡಿದ್ರಿ ಈ ಮ್ಯಾಚು?”

“ಯಾವ ಮ್ಯಾಚು?”

“ನಲವತ್ತೇಳಕ್ಕ ಒಂಬತ್ತು! ನಮ್ಮಪ್ಪನ ಕಾಲದಾಗ ಸೈತ ಊರು ಹಿಂಗ ಸೋತಿದ್ದಿಲ್ಲ. ನನಗ ಒಂದ್ ಖಬರ್ ಕೊಡದ ಯಾರನ್ನ ಇಳಿಸಿದ್ರಿ ನೀವು? ಈ ರಾಜ್ಯ ಅಂಬೋದು ಯಾವೂರ ಟೀಮು?”

ಗದ್ದೆಪ್ಪನವರು ನಕ್ಕರು. ಆ ಹೊತ್ತಿನಲ್ಲಿ ನಗಬಾರದಿತ್ತು. “ಸೋತಿಲ್ಲ ಅಂಬಪ್ಪ, ಗೆದ್ದೀವಿ! ರಾಜ್ಯದಾಗ ಒಬ್ಬ ಮಾಸ್ತರಗ ನಲವತ್ತೇಳು ಹುಡುಗ್ರು. ನಮ್ಮಲ್ಲಿ ಒಂಬತ್ತು. ಇದ್ರಾಗ ಕಡಿಮಿ ಇದ್ದಷ್ಟೂ ಚಲೋ.”

“ಕಡಿಮಿ ಇದ್ದಷ್ಟೂ ಚಲೋ?” ಅಂಬಪ್ಪ ಜನರ ಕಡೆ ತಿರುಗಿದ. “ಕೇಳಿದ್ರೇನ್ರಪಾ? ಎಮ್ಮಿ ಹಾಲು ಕಡಿಮಿ ಕೊಟ್ರ ಚಲೋ. ಎಕರೆಕ್ಕ ಜೋಳ ಕಡಿಮಿ ಬಂದ್ರ ಚಲೋ. ಹೌದಲ್ಲೋ? ಮಾಸ್ತರ್ರ, ನಿಮ್ಮ ಕೈಯಾಗ ಕಲತ ಮಕ್ಕಳು ಉದ್ಧಾರ ಆದಂಗ ಬಿಡ್ರಿ!”

ಗದ್ದೆಪ್ಪನವರು ಸರಾಸರಿ ಎಂದರೇನು ಎಂದು ಅಲ್ಲಿಯೇ ನಿಂತು ಅರ್ಧ ತಾಸು ವಿವರಿಸಿದರು. ಜನ ಕೊನೆಯವರೆಗೂ ಮರ್ಯಾದೆಯಿಂದ ಕೇಳಿದರು. ಕೇಳಿದ ಮೇಲೆ ಒಬ್ಬ ಮುದುಕ, “ಸೋತಾವ್ರು ಯಾವಾಗಲೂ ಭಾಳ ಮಾತಾಡ್ತಾರ,” ಎಂದು ಹೇಳಿ ಕೋಲೂರಿಕೊಂಡು ಹೊರಟ. ಉಳಿದವರೂ ಹೊರಟರು.

ಸುದ್ದಿ ನಿಲ್ಲಲಿಲ್ಲ. ಮಸ್ಕಿ ಸಂತೆಯಲ್ಲಿ ಕೆಂಪಹಟ್ಟಿಯವರು ಹುಣಸಿಗುಡ್ಡದವರನ್ನು ಕಂಡಲ್ಲೆಲ್ಲ ಒಂಬತ್ತು ಬೆರಳು ಎತ್ತಿ ತೋರಿಸಿದರು. ಬದನೆಕಾಯಿ ಮಾರುವವಳೂ ಅಂಬಪ್ಪನಿಗೆ ಒಂಬತ್ತೇ ಬದನೆಕಾಯಿ ತೂಗಿ, ನಿಮ್ಮೂರಿಗೆ ಇಷ್ಟು ಸಾಕಲ್ಲ ಎಂದಳಂತೆ. ಅಂಬಪ್ಪ ಬದನೆಕಾಯಿ ಬಿಟ್ಟು ಖಾಲಿ ಚೀಲದೊಂದಿಗೆ ಊರಿಗೆ ಬಂದ.

ಇತ್ತ ಗದ್ದೆಪ್ಪನವರ ಹೆಂಡತಿ ಕನಕಮ್ಮ ಬೋರಿಂಗಿಗೆ ನೀರಿಗೆ ಹೋದರೆ ಹೆಂಗಸರು ಮಾತು ನಿಲ್ಲಿಸಿ ಕೊಡ ಸರಿಸಿಕೊಳ್ಳತೊಡಗಿದರು. ಆ ಬೋರಿಂಗಿನ ಮಾತು ಇಲ್ಲಿ ಹೇಳಲೇಬೇಕು. ಹನ್ನೊಂದು ವರ್ಷದಲ್ಲಿ ಗದ್ದೆಪ್ಪನವರಿಗೆ ಐದು ಸಲ ವರ್ಗವಾಗಿತ್ತು. ಐದೂ ಊರುಗಳಲ್ಲಿ ಕನಕಮ್ಮ ಮೈಲಿಗಟ್ಟಲೆ ನೀರು ಹೊತ್ತಿದ್ದಳು. ಮನೆಯ ಬಾಗಿಲ ಮುಂದೆಯೇ ಬೋರಿಂಗ್ ಇದ್ದದ್ದು ಹುಣಸಿಗುಡ್ಡದಲ್ಲಿ ಮಾತ್ರ. “ಇನ್ನೊಂದು ವರ್ಗ ಆದ್ರ ನೀವೊಬ್ರ ಹೋಗ್ರಿ,” ಎಂದು ಅವಳು ಬಂದ ದಿನವೇ ಹೇಳಿಬಿಟ್ಟಿದ್ದಳು. “ನಾ ಸಿಂಧನೂರಿಗೆ ತವರಿಗೆ ಹೋಗ್ತೀನಿ. ಟ್ರಂಕು ಇನ್ನ ಬಿಚ್ಚಿಲ್ಲ, ನೋಡ್ಕೋರಿ.” ಕನಕಮ್ಮ ತಮಾಷೆಗೆ ಏನನ್ನೂ ಹೇಳುವ ಹೆಂಗಸಲ್ಲ. ಅದು ಗದ್ದೆಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು.

ಹತ್ತನೆಯ ದಿನ ಲಿಂಗಸುಗೂರಿನಿಂದ ಉತ್ತರ ಬಂತು. ಗದ್ದೆಪ್ಪನವರು ಕೈ ತೊಳೆದುಕೊಂಡು ಲಕೋಟೆ ಒಡೆದರು.

“ಮೆಚ್ಚುಗಿ ಬಂತೇನ್ರಿ, ಸರ್?” ಎಂದ ಮೌಲಾಹುಸೇನ.

ಗದ್ದೆಪ್ಪನವರು ಕಾಗದವನ್ನು ಅವನ ಕೈಗೆ ಕೊಟ್ಟರು. ತಾವು ಒದಗಿಸಿದ ಅಂಕಿ ಅಂಶಗಳಿಗೆ ಧನ್ಯವಾದಗಳು ಎಂದು ಅದು ಶುರುವಾಗಿತ್ತು. ಒಬ್ಬ ಶಿಕ್ಷಕರಿಗೆ ಒಂಬತ್ತೇ ಮಕ್ಕಳಿರುವುದರಿಂದ ಆ ಗುಂಪಿನಲ್ಲಿ ಎರಡು ಹುದ್ದೆಗಳು ಹೆಚ್ಚುವರಿ ಎಂದು ಕಂಡುಬರುತ್ತದೆ. ಮೊದಲಿಗೆ ಮುಖ್ಯ ಶಿಕ್ಷಕರನ್ನು ಕೃಷ್ಣಾ ನದಿಯ ಆಚೆ ದಡದ ಶಾಲೆಯೊಂದಕ್ಕೆ ಕಳಿಸುವ ಆಲೋಚನೆ ಇದೆ. ಈ ತಿಂಗಳ ಇಪ್ಪತ್ತೈದಕ್ಕೆ ತನಿಖಾಧಿಕಾರಿಗಳು ಬಂದು ಮಕ್ಕಳ ತಲೆ ಎಣಿಸುವರು.

ಅಂದರೆ ಹದಿನೇಳು ದಿನ ಬಾಕಿ. ಗದ್ದೆಪ್ಪನವರ ಕಣ್ಣ ಮುಂದೆ ಕನಕಮ್ಮನ ಟ್ರಂಕು ಬಂತು. ಹೆದರಿಕೆ ಎಂದರೆ ಏನೆಂದು ಅವರಿಗೆ ಆವತ್ತು ತಿಳಿಯಿತು. ಅವರು ಒದ್ದೆ ಬಟ್ಟೆ ತೆಗೆದುಕೊಂಡು ಗೋಡೆಗೆ ಓಡಿದರು. ಕನಿಷ್ಠ ಆ ಹಾಳು ಅಂಕಿಯನ್ನಾದರೂ ಅಳಿಸಬೇಕು ಎಂದು ಕೈ ಎತ್ತಿದಾಗ ಹಿಂದಿನಿಂದ ಅಂಬಪ್ಪ ಆ ಕೈಯನ್ನು ಹಿಡಿದುಕೊಂಡ. ಹಿಡಿದರೆ ಬಿಡಿಸಿಕೊಳ್ಳಲಾಗದ ಕೈ ಅದು.

“ಅಳಸೋ ಹಂಗಿಲ್ರಿ. ಸೋತ ಸ್ಕೋರ್ ಅಳಸೋದು ಗಂಡಸ್ತನ ಅಲ್ಲ. ಮ್ಯಾಚ್ ಇನ್ನ ಐತೋ ಮುಗದೈತೋ, ಅಷ್ಟ ಹೇಳ್ರಿ.”

“ಇಪ್ಪತ್ತೈದಕ್ಕ ಸಾಹೇಬ್ರು ಬಂದು ಎಣಸ್ತಾರ,” ಎಂದು ಗದ್ದೆಪ್ಪನವರು ತೊದಲಿದರು.

“ಅಂದ್ರ ಅಂಪೈರ್ ಬರಾಕತ್ಯಾನ!” ಅಂಬಪ್ಪನ ಮುಖ ಅರಳಿತು. “ಅಷ್ಟ್ರಾಗ ನಮ್ಮ ಸ್ಕೋರು ಏರಿಸಬೇಕಂದ್ರ ಏನು ಮಾಡಬೇಕು?”

ಇಲ್ಲಿ ಗದ್ದೆಪ್ಪನವರು ತಮ್ಮ ಜೀವನದ ಅತಿ ದೊಡ್ಡ ನಿರ್ಧಾರ ತೆಗೆದುಕೊಂಡರು. ಸರಾಸರಿಯ ವಿವರಣೆ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡರು. “ಮಕ್ಕಳು ಶಾಲಿಗೆ ಬರಬೇಕು,” ಎಂದಷ್ಟೇ ಹೇಳಿದರು.

ಮರುದಿನವೇ ಅಂಬಪ್ಪ ಟ್ರ್ಯಾಕ್ಟರಿಗೆ ಟ್ರೇಲರ್ ಹೂಡಿಕೊಂಡು ತುರ್ವಿಹಾಳಕ್ಕೆ ಹೋದ. ಮೊಳಕಾಲುದ್ದ ಕೆಸರಿನಲ್ಲಿ ಹೆಂಗಸರು ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದಾಗ ಬದುವಿನ ಮೇಲೆ ನಿಂತು ಕಬಡ್ಡಿಯ ಸೀಟಿ ಊದಿದ. ಎಲ್ಲರೂ ನೆಟ್ಟಗಾದರು. “ಊರು ಮೂವತ್ತೆಂಟು ಪಾಯಿಂಟು ಹಿಂದ ಬಿದ್ದೈತಿ! ನೀವು ಇಲ್ಲಿ ಮಂದಿ ಭತ್ತ ಹಚ್ಚಾಕತ್ತೀರಿ! ದುಡೀರಿ, ಬ್ಯಾಡ ಅನ್ನಾಂಗಿಲ್ಲ. ಮಕ್ಕಳನ್ನ ಕೊಡ್ರಿ!” ಎಂದು ಕೂಗಿದ. ಗದ್ದೆಯ ಒಡೆಯ ಯಾರೋ ಭಿಕ್ಷೆಗೆ ಬಂದವನೆಂದು ತಿಳಿದು ಸೇರು ಅಕ್ಕಿ ಕಳಿಸಿದ. ಸಂಜೆ ಟ್ರ್ಯಾಕ್ಟರ್ ಊರಿಗೆ ಬಂದಾಗ ಟ್ರೇಲರಿನಲ್ಲಿ ಇಪ್ಪತ್ತನಾಲ್ಕು ಮಕ್ಕಳಿದ್ದರು. ಅವರನ್ನು ಊರಲ್ಲಿದ್ದ ಅಜ್ಜಿಯರಿಗೆ ಹಂಚಿದರು.

ಗೋಡೆಯ ಮುಂದೆ ಜನ ಕಾದಿದ್ದರು. ಮೌಲಾಹುಸೇನ ಒಂಬತ್ತನ್ನು ಒರೆಸಿ ಹದಿನೈದು ಎಂದು ಬರೆದ.

“ಎಷ್ಟು?” ಎಂದು ಅಂಬಪ್ಪ ಚೀರಿದ. “ಇಪ್ಪತ್ನಾಕು ತಂದೀನಿ! ಬರೇ ಆರು ಬರದಾನ!”

“ನಾಲ್ಕು ಹುಡುಗ್ರಿಗೆ ಒಂದು ಪಾಯಿಂಟು, ಅಂಬಪ್ಪ,” ಎಂದರು ಗದ್ದೆಪ್ಪನವರು.

“ಉಳಿದ ಮೂರು ಯಾರು ತಿಂದ್ರು?”

“ಅದು ಸರಕಾರದ ರೂಲು.”

ಸರಕಾರದ ರೂಲು ಎಂದ ಕೂಡಲೇ ಅಂಬಪ್ಪ ಒಪ್ಪಿಕೊಂಡ. ನಾಲ್ಕರಲ್ಲಿ ಮೂರು ಹೋಗುವುದು ಅವನಿಗೆ ಸಹಜವಾಗಿಯೇ ಕಂಡಿತು. ಬಳಗಾನೂರಿನ ಕಡೆ ಹೋದ ಎರಡನೆಯ ಟ್ರಿಪ್ಪಿನಿಂದ ಸ್ಕೋರು ಇಪ್ಪತ್ತೇಳಕ್ಕೆ ಏರಿತು. ಆಮೇಲೆ ಗುಡ್ಡದ ಸರದಿ. ಅಲ್ಲಿ ಗಾಳೆಮ್ಮ ಎಂಬ ಮುದುಕಿ ಅಡ್ಡ ನಿಂತಳು. ಅವಳ ಮೊಮ್ಮಗಳು ಗ್ಯಾನಮ್ಮ ಮೂವತ್ತು ಆಡು ಕಾಯುತ್ತಿದ್ದಳು.

“ಲೇ ಅಂಬ್ಯಾ, ಹುಡುಗಿ ಶಾಲಿಗೆ ಬಂದ್ರ ಆಡು ಯಾರು ಕಾಯಬೇಕು? ನಿಮ್ಮಪ್ಪ ಕಾಯ್ತಾನೇನು?”

“ಯವ್ವಾ, ನಾಳೆ ಊರು ಒಂದು ಪಾಯಿಂಟಿಲೆ ಸೋತ್ರ, ಅದು ನಿನ್ನ ಮನ್ಯಾಗಿನ ಪಾಯಿಂಟು ಅಂತ ಊರು ಅಂತೈತಿ ನೋಡು.”

ಮರುದಿನ ಮೊಮ್ಮಗಳೂ ಬಂದಳು, ಮೂವತ್ತು ಆಡೂ ಬಂದವು, ಅವುಗಳ ಹಿಂದೆ ಗಾಳೆಮ್ಮನೂ ಬಂದಳು. ಆಡುಗಳನ್ನು ಶಾಲೆಯ ಕಂಪೌಂಡಿನಲ್ಲಿ ಕಟ್ಟಿ, ಬಾಗಿಲ ಬಳಿ ಕೂತು, ಮಾಸ್ತರ ಸರಿಯಾಗಿ ಕಲಿಸುತ್ತಾನೋ ಇಲ್ಲವೋ ಎಂದು ಅವಳು ದಿನವೂ ನೋಡತೊಡಗಿದಳು. ಇದನ್ನು ಕಂಡು ಉಳಿದ ಆಡಿನವರೂ ಹಾಗೆಯೇ ಮಾಡಿದರು.

ಗದ್ದೆಪ್ಪನವರ ಪಾಡು ಕೇಳಬೇಡಿ. ಕೋಣೆಯಲ್ಲಿ ಜಾಗ ಸಾಲದೆ ಒಂದನೇ ಇಯತ್ತೆ ಹನುಮಪ್ಪನ ಗುಡಿಯ ಕಟ್ಟೆಗೆ ಹೋಯಿತು. ಎರಡನೇ ಇಯತ್ತೆ ಬೇವಿನ ಗಿಡದ ಕೆಳಗೆ ಕೂತಿತು. ಅವರು ಮಗ್ಗಿ ಹೇಳಿಸಿದರೆ ಆಡುಗಳು ಮುಂದುವರಿಸುತ್ತಿದ್ದವು. ನಾಲ್ಕೇ ದಿನದಲ್ಲಿ ಗಂಟಲು ಬಿದ್ದುಹೋಗಿ, ಮನೆಯಲ್ಲಿ ಕನಕಮ್ಮನೊಂದಿಗೆ ಸ್ಲೇಟಿನ ಮೇಲೆ ಬರೆದು ಮಾತಾಡುವಂತಾಯಿತು. ಆದರೂ, ಸತ್ಯ ಹೇಳಬೇಕೆಂದರೆ, ಗ್ಯಾನಮ್ಮ ಎಂಬ ಆ ಹುಡುಗಿ ಆರನೆಯ ದಿನ ತನ್ನ ಹೆಸರನ್ನು ತಾನೇ ಬರೆದು ಅಜ್ಜಿಗೆ ತೋರಿಸಿದಾಗ ಗದ್ದೆಪ್ಪನವರಿಗೆ ಹದಿನಾಲ್ಕನೆಯ ಪುಟ ಓದಿದಾಗ ಆಗಿದ್ದಕ್ಕಿಂತ ಹೆಚ್ಚು ಸಂತೋಷವಾಯಿತು.

ಇಪ್ಪತ್ತೈದನೆಯ ತಾರೀಖು ತನಿಖಾಧಿಕಾರಿ ಮಲೀಕಸಾಬರು ಜೀಪಿನಿಂದ ಇಳಿದರು. ಮೂವತ್ತು ವರ್ಷ ನೌಕರಿ ಮಾಡಿದವರು, ಎಣಿಸದೆ ಯಾವುದನ್ನೂ ನಂಬುವವರಲ್ಲ. ದೊಡ್ಡಿಯ ಮಕ್ಕಳೂ ಸೇರಿ ಎಲ್ಲರೂ ಊರ ಶಾಲೆಯ ಅಂಗಳದಲ್ಲಿ ಸಾಲಾಗಿ ಕೂತಿದ್ದರು. ಸುತ್ತ ಇಡೀ ಊರು ನಿಂತಿತ್ತು.

“ಈ ಆಡು ಯಾಕ ಅದಾವ್ರಿ ಇಲ್ಲಿ?”

“ಅವು ಪ್ರೇಕ್ಷಕರ್ರಿ, ಸಾಹೇಬ್ರ,” ಎಂದ ಅಂಬಪ್ಪ.

ಮಲೀಕಸಾಬರು ಪ್ರತಿ ತಲೆಯನ್ನೂ ಬೆರಳಿಂದ ಮುಟ್ಟಿ, ಹೆಸರು ಕೇಳಿ ಎಣಿಸಿದರು. ನೂರ ತೊಂಬತ್ತಾರು. “ಹೋದ ತಿಂಗಳು ಮೂವತ್ತಾರು ಇದ್ವು ಅಂತ ಬರದೀರಿ. ಬ್ಯಾರೆ ಊರಿಂದ ತಂದು ಕುಂದರ್ಸೀರೇನ್ರಿ?” ಎಂದು ಹುಬ್ಬು ಏರಿಸಿದರು. ಅಂಬಪ್ಪನಿಗೆ ಕೆಂಡದಂಥ ಸಿಟ್ಟು ಬಂತು. “ನಮ್ಮೂರಾಗ ಹೊರಗಿನ ಆಟಗಾರರನ್ನ ಆಡಸೋದಿಲ್ರಿ!” ಎನ್ನುತ್ತ ಸಾಲುಗಳ ನಡುವೆ ನುಗ್ಗಿದ. ಕೆಂಪಹಟ್ಟಿಯಿಂದ ಅತ್ತೆಯ ಮನೆಗೆ ಬಂದು, ಗೆಳೆಯರ ಜೊತೆ ಸುಮ್ಮನೆ ಕೂತಿದ್ದ ನಾಲ್ವರು ಹುಡುಗರನ್ನು ಗುರುತು ಹಿಡಿದ. ಅವರನ್ನು ರಟ್ಟೆ ಹಿಡಿದು ಎಬ್ಬಿಸಿ, “ಇವು ಫೌಲ್. ಬರಕೋಬ್ಯಾಡ್ರಿ,” ಎಂದು ಗೆರೆಯಾಚೆ ಬಿಟ್ಟ.

ಮಲೀಕಸಾಬರು ಇಂಥ ಊರನ್ನು ಕಂಡಿರಲಿಲ್ಲ. ನೂರ ತೊಂಬತ್ತೆರಡು ಎಂದು ಬರೆದುಕೊಂಡು ನಾಲ್ಕರಿಂದ ಭಾಗಿಸಿದರು. “ನಲವತ್ತೆಂಟು.”

ಮೌಲಾಹುಸೇನ ಗೋಡೆಯ ಮೇಲೆ ಬರೆದ. ರಾಜ್ಯ 47, ಹುಣಸಿಗುಡ್ಡ 48. ಒಂದು ಪಾಯಿಂಟಿನ ಗೆಲುವು! ಡೊಳ್ಳು ಮೊಳಗತೊಡಗಿತು, ಸೀಟಿ ಕೂಗಿದವು, ಆಡುಗಳು ಹಗ್ಗ ಹರಿದುಕೊಂಡು ಓಡಿದವು. ಗದ್ದೆಪ್ಪನವರು ಬೇವಿನ ಗಿಡಕ್ಕೆ ಒರಗಿ ನಿಂತು ಉಸಿರು ಬಿಟ್ಟರು. ಹುದ್ದೆ ಉಳಿಯಿತು, ಬೋರಿಂಗ್ ಉಳಿಯಿತು, ಹೆಂಡತಿ ಉಳಿದಳು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಮಲೀಕಸಾಬರಿಗೆ ಮನಸ್ಸು ತುಂಬಿ ಬಂದಿತ್ತು. “ಯಾರನ್ನೂ ತಗಿಯಾಂಗಿಲ್ಲ,” ಎಂದರು. “ಇಷ್ಟು ಮಕ್ಕಳಿದ್ದಲ್ಲಿ ನಾಲ್ಕು ಮಂದಿ ಸಾಲೂದಿಲ್ಲ. ನಿಮಗ ಇನ್ನೊಬ್ಬ ಮಾಸ್ತರನ್ನ ಕೊಡ್ತೀನಿ.”

ಅಂಬಪ್ಪ ಕೈ ಎತ್ತಿ ಡೊಳ್ಳು ನಿಲ್ಲಿಸಿದ. “ಐದು ಮಂದಿ ಆದ್ರ ಸ್ಕೋರ್ ಎಷ್ಟಾಕ್ಕೈತ್ರಿ?”

“ಮೂವತ್ತೆಂಟು.”

“ಇಳಿತೈತಿ?” ಊರಿಗೆ ಊರೇ ಹೌಹಾರಿತು. “ಬ್ಯಾಡ್ರಿ! ಮಾಸ್ತರ ಬ್ಯಾಡ್ರಿ!”

“ತಡೀರಿ, ತಡೀರಿ.” ಅಂಬಪ್ಪನ ತಲೆಯಲ್ಲಿ ದೀಪ ಹತ್ತಿತ್ತು. “ಮಾಸ್ತರ ಹೆಚ್ಚಾದ್ರ ಇಳಿತೈತಿ. ಹಂಗಾರ ಒಬ್ಬವನ್ನ ತಗದ್ರ?”

“ಅರವತ್ನಾಕು,” ಎಂದು ಮಲೀಕಸಾಬರು ಲೆಕ್ಕದ ಅಭ್ಯಾಸಬಲದಿಂದ ಹೇಳಿಬಿಟ್ಟರು.

ಇನ್ನೂರು ಕಣ್ಣುಗಳು ಬೇವಿನ ಗಿಡದ ಕಡೆಗೆ ತಿರುಗಿದವು. ಅಂಬಪ್ಪ ಗದ್ದೆಪ್ಪನವರ ಹತ್ತಿರ ಬಂದು ಪ್ರೀತಿಯಿಂದ ಎರಡೂ ಕೈ ಹಿಡಿದ. “ಮಾಸ್ತರ್ರ, ತಪ್ಪ ತಿಳಕೋಬ್ಯಾಡ್ರಿ. ಊರಿಗಾಗಿ ಹೋಗ್ರಿ. ಅರವತ್ನಾಕು! ಹದಿನೇಳು ಪಾಯಿಂಟಿನ ಗೆಲುವು! ನಿಮ್ಮ ಹೆಸರು ಗೋಡಿ ಮ್ಯಾಲ ಬರಸ್ತೀನಿ. ಸಾಹೇಬ್ರ, ಇವರನ್ನ ಇವತ್ತ ಜೀಪಿನಾಗ ಕರಕೊಂಡು ಹೋಗ್ರಿ.”

ಜನರ ನಡುವಿನಿಂದ ಕನಕಮ್ಮ ಗಂಡನನ್ನು ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಯ ಕಡೆಗೆ, ಟ್ರಂಕು ಇದ್ದ ಕಡೆಗೆ ಎರಡು ಹೆಜ್ಜೆ ಇಟ್ಟಳು. ಆ ಎರಡು ಹೆಜ್ಜೆ ಗದ್ದೆಪ್ಪನವರ ಬಿದ್ದುಹೋದ ಗಂಟಲನ್ನು ತೆರೆಸಿದವು.

“ಅಂಬಪ್ಪ!” ಎಂದು ಅವರು ಕೂಗಿದರು. “ಕಬಡ್ಡಿಗೆ ಎಷ್ಟು ಮಂದಿ?”

“ಏಳು. ಯಾಕ?”

“ನಿಮ್ಮ ಆಟಗಾರರನ್ನ ನೀವ ಹೊರಗ ಕುಂದರ್ಸಿ ಪಾಯಿಂಟು ತಗೊಂಡ್ರ ಅದಕ್ಕ ಗೆಲುವು ಅಂತಾರೇನು? ಕೆಂಪಹಟ್ಟಿ ಮಂದಿ ಏನಂದಾರು? ಟೀಮ್ ಒಡದು ಗೆದ್ರು ಅಂದಾರು!”

ಅಂಬಪ್ಪನ ಮುಖ ಸಪ್ಪಗಾಯಿತು. ನಾಚಿಕೆಯಿಂದ ನೆಲ ನೋಡಿದ. ಅವನು ಎಲ್ಲವನ್ನೂ ಸಹಿಸುತ್ತಿದ್ದ. ಕಳ್ಳ ಗೆಲುವನ್ನು ಮಾತ್ರ ಸಹಿಸುತ್ತಿರಲಿಲ್ಲ. ಆಮೇಲೆ ತಲೆ ಎತ್ತಿ ಮಲೀಕಸಾಬರ ಎದುರು ನಿಂತ.

“ಮಾಸ್ತರ್ರು ಹೇಳಿದ್ದು ಬರೋಬರಿ ಐತ್ರಿ. ನಾಕು ಮಂದಿ ಕಟಗೊಂಡು ಆಡೋದ ತಪ್ಪಾತು. ನಮಗ ಫುಲ್ ಟೀಮ್ ಕೊಡ್ರಿ. ಏಳು ಮಾಸ್ತರನ್ನ ಕೊಡ್ರಿ. ಆಮ್ಯಾಲ ನೋಡ್ರಿ ನಮ್ಮೂರ ಆಟ!”

“ಏಳು ಕೊಡ್ರಿ! ಏಳು ಕೊಡ್ರಿ!” ಎಂದು ಊರು ಕೂಗಿತು.

ಏಳಕ್ಕೆ ಬೇಡಿಕೆಯಿಟ್ಟ ಊರಿಗೆ ಮಲೀಕಸಾಬರು ಬಹಳ ಚೌಕಾಸಿಯ ನಂತರ ಒಬ್ಬರನ್ನು ಕೊಟ್ಟು ಅಲ್ಲಿಯೇ ಸಹಿ ಹಾಕಿದರು. ಹೊಸಬರು ಬರುವವರೆಗೆ ಗೋಡೆಯ ಮೇಲೆ ನಲವತ್ತೆಂಟೇ ಇರಲಿ ಎಂದು ಒಪ್ಪಂದವಾಯಿತು. ಅಂಬಪ್ಪ ಹೂವಿನ ಹಾರ ತಂದು ಗದ್ದೆಪ್ಪನವರ ಕೊರಳಿಗೆ ಹಾಕಿದ. ಬದುಕಿನಲ್ಲಿ ಮೊಟ್ಟಮೊದಲ ಸಲ ಅವರಿಗೆ ಮೊದಲ ಹಾರ ಬಿದ್ದಿತು, ಸಾಹೇಬರಿಗೆ ಬಿದ್ದದ್ದು ಎರಡನೆಯದು. ಕನಕಮ್ಮ ಮನೆಗೆ ಹೋಗಲಿಲ್ಲ. ಗಾಳೆಮ್ಮನ ಪಕ್ಕದಲ್ಲಿ ನಿಂತು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು.

ಜೀಪು ಹತ್ತಿದ ಮಲೀಕಸಾಬರು ಗದ್ದೆಪ್ಪನವರನ್ನು ಬಾಗಿಲ ಹತ್ತಿರ ಕರೆದರು.

“ಗದ್ದೆಪ್ಪ, ಮೊನ್ನಿ ತನಕ ನಿಮ್ಮ ಗುಂಪು ರಾಜ್ಯಕ್ಕಿಂತ ಐದು ಪಟ್ಟು ಮುಂದ ಇತ್ತು. ಇವತ್ತ ರಾಜ್ಯಕ್ಕಿಂತ ಹಿಂದ ಬಿದ್ದೈತಿ. ತಿಳದೈತಿಲ್ಲೋ ನಿಮಗ?”

ಗದ್ದೆಪ್ಪನವರು ಹಿಂದಕ್ಕೆ ತಿರುಗಿ ನೋಡಿದರು. ಅಂಗಳದ ತುಂಬ ನೂರ ತೊಂಬತ್ತೆರಡು ಮಕ್ಕಳು ಕಿರುಚುತ್ತಿದ್ದರು.

“ತಿಳದೈತ್ರಿ, ಸಾಹೇಬ್ರ,” ಎಂದರು. “ಸಣ್ಣಗ ಮಾತಾಡ್ರಿ. ಊರವ್ರು ಕೇಳ್ಯಾರು.”